ಜವರಶೆಟ್ಟಿಯ ಹದಿನಾಲ್ಕು ಸೆಕೆಂಡು

ಹಕ್ಕಿ ಹಾರುವ ಮುಂಚೆ ಹಿಕ್ಕೆ ಹಾಕುತ್ತದೆ. ಮೈ ಹಗುರ ಮಾಡಿಕೊಂಡು ಆಮೇಲೆ ರೆಕ್ಕೆ ಬಿಚ್ಚುತ್ತದೆ. ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲದೆ, ತೋಳುದ್ದದ ಲೆನ್ಸು ಹೊತ್ತುಕೊಂಡು ಎಷ್ಟೋ ಜನ ಕೊಕ್ಕರೆಗಡ್ಡೆ ಪಕ್ಷಿಧಾಮಕ್ಕೆ ಬಂದು, ಖಾಲಿ ಕೊಂಬೆಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಅಂಥವರ ಪಾಲಿಗೆ ದೋಣಿಯ ಜವರಶೆಟ್ಟಿಯೇ ದೇವರು.

ಇಪ್ಪತ್ತೇಳು ವರ್ಷ ಕಾವೇರಿಯ ಆ ನಡುಗಡ್ಡೆಗಳ ನಡುವೆ ಹುಟ್ಟು ಹಾಕಿದವನು ಅವನು. ಮರದ ಬುಡದಿಂದ ಸ್ವಲ್ಪ ದೂರದಲ್ಲಿ ದೋಣಿ ನಿಲ್ಲಿಸಿ, ಅರ್ಧ ನಿದ್ದೆಯಲ್ಲಿರುವವನ ಹಾಗೆ ಕೂತುಬಿಡುತ್ತಿದ್ದ. ಫೋಟೋದವರು ಚಡಪಡಿಸುತ್ತಿದ್ದರೂ ಇವನದು ಒಂದೇ ಭಂಗಿ. ಇದ್ದಕ್ಕಿದ್ದಂತೆ ತಣ್ಣಗೆ ‘ಈಗ’ ಎನ್ನುತ್ತಿದ್ದ. ಅವರು ಗುಂಡಿ ಒತ್ತುವುದಕ್ಕೂ ಬಣ್ಣದ ಕೊಕ್ಕರೆ ಕೊಂಬೆ ಬಿಟ್ಟು ಏಳುವುದಕ್ಕೂ, ಮಿಂಚುಳ್ಳಿ ನೀರಿಗೆ ಧುಮುಕುವುದಕ್ಕೂ ಸರಿಹೋಗುತ್ತಿತ್ತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಅವನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

“ಮೈಗೆ ಗೊತ್ತಾಯ್ತದೆ ಸಾ. ನಂಗೆ ಗೊತ್ತಾಗೋದು ಆಮೇಲೆ” ಎನ್ನುತ್ತಿದ್ದ.

ಎಲ್ಲರೂ ನಗುತ್ತಿದ್ದರು. ನಗದೆ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡವರು ಒಬ್ಬರೇ, ಡಾಕ್ಟರ್ ಮಂದಾಕಿನಿ. ಕಾಯಿಲೆ ನೋಡುವ ಡಾಕ್ಟರಲ್ಲ, ಕ್ಯಾಮೆರಾ ಕಂಪನಿಯೊಂದರ ವಿಜ್ಞಾನಿ.

ಆದರೆ ಒಂದಕ್ಕೆ ಮಾತ್ರ ಜವರಶೆಟ್ಟಿ ‘ಈಗ’ ಎನ್ನುತ್ತಿರಲಿಲ್ಲ. ಗೂಡಿನಿಂದ ಜಾರಿಬಿದ್ದ ಮರಿಯ ಕಡೆಗೆ ಮೊಸಳೆ ನೀರಡಿಯಲ್ಲಿ ಹೊರಟರೆ, ಹುಟ್ಟು ಎತ್ತಿ ದೋಣಿಯ ಅಂಚಿಗೆ ಪಟಪಟನೆ ಬಡಿದುಬಿಡುತ್ತಿದ್ದ. ಹಕ್ಕಿಗಳೆಲ್ಲ ಎದ್ದು, ಮೊಸಳೆ ಮುಳುಗಿ, ಸಿಗಬೇಕಾಗಿದ್ದ ಫೋಟೋ ಹಾಳಾಗಿ, ಫೋಟೋದವರು ಹಲ್ಲು ಕಡಿಯುತ್ತಿದ್ದರು. ಸಾವನ್ನು ತೋರಿಸಿ ಹೊಟ್ಟೆ ಹೊರೆಯಬಾರದು ಎಂಬುದು ಅಲ್ಲಿನ ದೋಣಿಯವರೆಲ್ಲ ಪಾಲಿಸಿಕೊಂಡು ಬಂದ ಕಟ್ಟು.

ಆ ಸದ್ದಿಗೆ ಇನ್ನೊಂದು ಕೆಲಸವೂ ಇತ್ತು. ಗಡ್ಡೆಯ ಸುತ್ತ ನೀರಿಗಿಳಿದು ಕಳೆ ಕೀಳುವ, ಸಿಕ್ಕಿಕೊಂಡ ಬಲೆ ಬಿಡಿಸುವ ಕಾವಲುಗಾರರು ನೀರನ್ನು ನೋಡುತ್ತ ನಿಲ್ಲಲು ಆಗುವುದಿಲ್ಲ. ಅವರ ಪರವಾಗಿ ನೋಡುವವನು ದೋಣಿಯವನು. ದೋಣಿ ಸುಮ್ಮನಿದ್ದರೆ ನೀರು ಕ್ಷೇಮ, ಹುಟ್ಟು ಬಡಿದರೆ ಓಡು. ಜವರಶೆಟ್ಟಿಯ ತಮ್ಮ ಚಲುವರಾಜು ಹದಿನೈದು ವರ್ಷದಿಂದ ದಿನಗೂಲಿ ಕಾವಲುಗಾರ. ಅಣ್ಣನ ದೋಣಿ ಕಣ್ಣಿಗೆ ಬೀಳದ ಹೊರತು ಅವನು ನೀರಿಗೆ ಕಾಲಿಡುತ್ತಿರಲಿಲ್ಲ.

ಡಾಕ್ಟರ್ ಮಂದಾಕಿನಿ ಜವರಶೆಟ್ಟಿಯನ್ನು ಮೈಸೂರಿಗೆ ಕರೆಸಿಕೊಂಡದ್ದು ಹಕ್ಕಿಗಳಿಲ್ಲದ ಕಾಲದಲ್ಲಿ. ಊರಾಚೆ ಗಾಜಿನ ಕಟ್ಟಡ, ಒಳಗೆ ಸದಾ ತಣ್ಣನೆ ಗಾಳಿ. ಎದುರಿಗೆ ಕೂರಿಸಿಕೊಂಡು ಆಕೆ ನಿಧಾನವಾಗಿ ಹೇಳಿದರು.

“ನೋಡಿ ಜವರಶೆಟ್ಟರೇ, ನಮ್ಮ ಕ್ಯಾಮೆರಾ ಒಂದು ಸೆಕೆಂಡಿಗೆ ಇನ್ನೂರು ಸಲ ಹಕ್ಕಿಯನ್ನ ನೋಡುತ್ತೆ. ಕತ್ತಿನ ಗರಿ, ಉಸಿರು, ಯಾವ ಕಾಲಿನ ಮೇಲೆ ಎಷ್ಟು ಭಾರ, ಎಲ್ಲಾ ಅದಕ್ಕೆ ಕಾಣುತ್ತೆ. ಆದರೆ ಅದರಲ್ಲಿ ಯಾವುದು ಮುಖ್ಯ, ಯಾವುದು ಸುಮ್ಮನೆ ಅನ್ನೋದು ಗೊತ್ತಾಗಲ್ಲ. ನಿಮ್ಮ ಮೈಗೆ ಗೊತ್ತಿದೆ. ಅದನ್ನ ನೀವು ಯಂತ್ರಕ್ಕೆ ಕಲಿಸಿಕೊಡಬೇಕು.”

“ನಂಗೇ ಹೇಳಕ್ ಬರಾಕಿಲ್ಲ ಮೇಡಂ, ಯಂತ್ರಕ್ಕೆ ಏನ್ ಕಲ್ಸ್ಲಿ?”

“ನೀವು ಹೇಳೋದೇ ಬೇಡ. ನಾವು ಮೈಯಿಂದಾನೇ ತಗೋತೀವಿ. ನೀವು ಹೋದ ಮೇಲೆ ಈ ವಿದ್ಯೆ ಯಾರಿಗೆ ಬರುತ್ತೆ, ಹೇಳಿ?”

ಹೊಗಳಿಕೆಗೆ ಕರಗದ ಜೀವ ಯಾವುದು? ತನ್ನ ಮೈಯೊಳಗೆ ಇಂಥದ್ದೊಂದು ವಿದ್ಯೆ ಇದೆಯೆಂದು ಓದಿದವರ ಬಾಯಲ್ಲಿ ಕೇಳಿದ ಮೇಲೆ ಜವರಶೆಟ್ಟಿ ಉಬ್ಬಿಹೋದ. ಎಂಟು ತಿಂಗಳು, ವಾರಕ್ಕೆ ಐದು ದಿನ, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದ. ಹಣೆಗೆ, ಎದೆಗೆ, ಮುಂಗೈಗೆ ತಂತಿ. ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ, ಅದರ ತುಂಬ ಹಕ್ಕಿಗಳು. ಹಾರುತ್ತದೆ ಅನ್ನಿಸಿದಾಗ ಬಲಗೈ ಹೆಬ್ಬೆರಳಿನಡಿಯ ಗುಂಡಿ ಒತ್ತಬೇಕು. ಅಷ್ಟೇ ಕೆಲಸ.

ಎರಡನೇ ವಾರ ಪರದೆಯ ಮೇಲೆ ಮೊಸಳೆ ಬಂತು. ಜವರಶೆಟ್ಟಿ ಗುಂಡಿಯಿಂದ ಕೈ ತೆಗೆದ.

“ಇದ್ಕೆ ನಾನು ಒತ್ತಾಕಿಲ್ಲ ಮೇಡಂ.”

ಆಕೆ ಒತ್ತಾಯ ಮಾಡಲಿಲ್ಲ. “ಬೇಡ, ಒತ್ತಬೇಡಿ. ಸುಮ್ಮನೆ ನೋಡಿ ಸಾಕು.”

ಸುಮ್ಮನೆ ನೋಡುವುದೇ ಆಗಲಿಲ್ಲ. ಮೊಸಳೆ ಮರಿಯ ಹತ್ತಿರ ಬರುತ್ತಿದ್ದ ಹಾಗೆ ಅವನ ಕೈ ತಾನಾಗಿ ಎದ್ದು ಕುರ್ಚಿಯ ತೋಳಿಗೆ ಬಡಿಯುತ್ತಿತ್ತು. ತಂತಿ ಕಿತ್ತುಬಂದು ಪಕ್ಕದ ಪರದೆಯ ಗೆರೆಗಳೆಲ್ಲ ಗೀಚಾಟವಾಗುತ್ತಿದ್ದವು. ಡಾಕ್ಟರು ಎರಡು ಮೆತ್ತನೆಯ ದಿಂಬು ತರಿಸಿ, ಅಂಗೈ ಮೇಲಾಗಿ ಅವನ ಕೈಗಳನ್ನು ಅವುಗಳ ಮೇಲಿಟ್ಟರು. ಕೈ ಅಲ್ಲಾಡಬಾರದು, ಬಾಯಿ ಬಿಡಬಾರದು, ಮೈಗೆ ಏನಾಗುತ್ತದೋ ಆಗಲಿ ಬಿಡಿ ಎಂದರು. ಅಲ್ಲಾಡಿದರೆ ಮೊದಲಿಂದ ಶುರು. ಮೂರು ವಾರ ಹೀಗೇ ನಡೆಯಿತು. ಕೊನೆಗೊಂದು ದಿನ ಸಾಲಾಗಿ ಹನ್ನೆರಡು ಮರಿಗಳು ಮೊಸಳೆಯ ಬಾಯಿಗೆ ಹೋದವು. ಜವರಶೆಟ್ಟಿಯ ಬೆರಳು ಮಿಸುಕಲಿಲ್ಲ. ಡಾಕ್ಟರಿಗೆ ಎಷ್ಟು ಖುಷಿಯಾಯಿತೆಂದರೆ ಒಂದು ಡಬ್ಬಿ ಮೈಸೂರು ಪಾಕು ತರಿಸಿ ಅವನ ಕೈಗಿಟ್ಟರು.

ಆ ಸಂಜೆ ಮನೆಯ ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಎಲ್ಲರಿಗಿಂತ ಮೊದಲು ಕೈ ಹಾಕಿದವನು ಚಲುವರಾಜು.

“ಏನ್ ಮಾಡ್ದೆ ಅಂತ ಕೊಟ್ರಣ್ಣ ಇದ?”

“ಏನೂ ಮಾಡ್ದೆ ಸುಮ್ನೆ ಕುಂತಿದ್ದಕ್ಕೆ.”

“ಅತ್ತಿಗೇನ ಕೇಳ್ನೋಡು, ಇಪ್ಪತ್ತ್ ವರ್ಸದಿಂದ ನೀನು ಮಾಡ್ತಿರೋದು ಅದನ್ನೇ ಅಂತಾಳೆ. ಒಂದ್ ದಿನಾನಾದ್ರೂ ಸ್ವೀಟ್ ಕೊಟ್ಟವ್ಳಾ?”

ಒಳಗಿನಿಂದ ಜವರಶೆಟ್ಟಿಯ ಹೆಂಡತಿ ಗೌರಮ್ಮ ಏನೋ ಅಂದಳು. ಚಲುವರಾಜುವಿನ ಹೆಂಡತಿ ಪುಟ್ಟಲಕ್ಷ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಒಂದೇ ಒಲೆ, ಎರಡು ಸಂಸಾರ. ಆ ಮನೆಯಲ್ಲಿ ನಗುವಿಗೆ ಬರ ಇರಲಿಲ್ಲ.

ಮರುವರ್ಷ ಯಂತ್ರ ಮಾರುಕಟ್ಟೆಗೆ ಬಂತು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಹೆಸರು ‘ಮುಂಗಣ್ಣು’. ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡರೆ ನೋಡುವ ಕಿಂಡಿಯಲ್ಲಿ ಪ್ರಾಣಿಯ ಸುತ್ತ ಒಂದು ಬಳೆ ಮೂಡುತ್ತದೆ. ಏನೋ ನಡೆಯಲಿದೆ ಎಂದಾಗ ಬಳೆ ಹಳದಿ. ಇನ್ನೇನು ನಡೆದೇಬಿಡುತ್ತದೆ ಎಂದಾಗ ಹಸಿರು. ಹಕ್ಕಿಗಾದರೆ ಎರಡು ಮೂರು ಸೆಕೆಂಡು ಮುಂಚೆ ಹೇಳುತ್ತಿತ್ತು. ಮೊಸಳೆಗೆ ಎಂಟು ಸೆಕೆಂಡು. ಮೊಸಳೆ ತನ್ನ ಮೈ ಅಡಗಿಸಿಕೊಂಡರೂ ಗುಳ್ಳೆ, ಅಲೆ, ದಡದ ಬೆಳ್ಳಕ್ಕಿ ಇಡುವ ಹೆಜ್ಜೆ ಇವೆಲ್ಲ ಮೊದಲೇ ಚಾಡಿ ಹೇಳಿಬಿಡುತ್ತವೆ. ಮುಂಗಣ್ಣಿನ ಕೈಚಳಕವೆಲ್ಲ ಅಲ್ಲೇ ಕಂಡದ್ದು. ಮೊಸಳೆಯ ಬಾಯಿ, ಅದರ ನಡುವೆ ಇನ್ನೂ ಜೀವವಿರುವ ಮರಿ, ಸಿಡಿದ ನೀರಹನಿ ಒಂದೊಂದೂ ಸ್ಪಷ್ಟ. ಇಂಥ ಫೋಟೋಗಳಿಗೆ ದೇಶದೇಶದ ಬಹುಮಾನ ಬಂದು, ಕೊಕ್ಕರೆಗಡ್ಡೆಗೆ ಜನ ಮುಗಿಬಿದ್ದರು. ಹಾರುವ ಹಕ್ಕಿ ಯಾರಿಗೂ ಬೇಡವಾಯಿತು.

ಜವರಶೆಟ್ಟಿ ಫೋನು ಮಾಡಿದ. “ಮೇಡಂ, ಮೊಸಳೆಗೆ ನಾನು ಗುಂಡಿ ಒತ್ತೇ ಇರ್ನಿಲ್ವಲ್ಲ?”

“ಒತ್ತಿರಲಿಲ್ಲ” ಎಂದರು ಆಕೆ. ಆಮೇಲೆ ಸೇರಿಸಿದರು. “ನಿಮ್ಮ ಮೈ ಒತ್ತಿತ್ತು. ಗುಂಡಿಗಿಂತ ಅದೇ ಚೆನ್ನಾಗಿ ಬಂತು.”

ಅವನಿಗೆ ಜಗಳ ಆಡಲು ತೋಚಲಿಲ್ಲ. ಮೈಯನ್ನು ಕೊಟ್ಟವನು ತಾನೇ. ಮೈಸೂರು ಪಾಕು ತಿಂದವನೂ ತಾನೇ.

ಜನ ಹೆಚ್ಚಾದ ಮೇಲೆ ಬ್ಯಾಟರಿ ದೋಣಿಗಳು ಬಂದವು. ಸದ್ದಿಲ್ಲ, ಹುಟ್ಟಿಲ್ಲ, ಕಾರಿನ ಹಾಗೆ ತಿರುಗಿಸುವ ಚಕ್ರ. ಹಳೆಯ ಹುಟ್ಟುಗಳನ್ನೆಲ್ಲ ಕಟ್ಟು ಕಟ್ಟಿ ಗೋದಾಮಿಗೆ ಹಾಕಿದರು. ದೋಣಿಯಲ್ಲಿ ಚಾಲಕರು ಮಾತನಾಡಬಾರದು ಎಂದು ಬೋರ್ಡು ಬಿತ್ತು. ಯಂತ್ರವನ್ನು ಇನ್ನೂ ಚುರುಕು ಮಾಡಬೇಕೆಂದು ಡಾಕ್ಟರು ಜವರಶೆಟ್ಟಿಯ ಮುಂಗೈಗೆ ಒಂದು ಪಟ್ಟಿ ಕಟ್ಟಿಸಿದ್ದರು. ಅವನ ನಾಡಿ, ಬೆವರು, ನರದ ಮಿಡಿತವನ್ನೆಲ್ಲ ದಿನವಿಡೀ ಅದು ಬರೆದುಕೊಳ್ಳುತ್ತಿತ್ತು.

ಮೊದಮೊದಲು ಎರಡು ಸಲ ಮೊಸಳೆ ಕಂಡಾಗ ಅವನು ‘ಹೋಯ್’ ಎಂದು ಕೂಗಿದ್ದುಂಟು. ಎರಡು ಸಲವೂ ದೂರು ಹೋಯಿತು. ಇನ್ನೊಮ್ಮೆ ಹೀಗಾದರೆ ದಡದಲ್ಲಿ ಟಿಕೆಟ್ ಹರಿಯಲು ಕೂರಿಸುತ್ತೇನೆಂದು ಪಕ್ಷಿಧಾಮದ ಸಾಹೇಬರು ಹೇಳಿದರು. ಆಮೇಲೆ ಪ್ರಯೋಗಾಲಯದ ಪಾಠ ಉಪಯೋಗಕ್ಕೆ ಬಂತು. ಮೊಸಳೆ ಹೊರಟಿತೆಂದರೆ ಜವರಶೆಟ್ಟಿಯ ಎರಡು ಕೈಯೂ ತಾವಾಗಿ ತೊಡೆಯ ಮೇಲೆ ಅಂಗೈ ಮೇಲಾಗಿ ಮಲಗಿಬಿಡುತ್ತಿದ್ದವು. ಮರಿ ಹೋದ ಮೇಲೆ ಚಕ್ರ ಹಿಡಿದು ದೋಣಿ ತಿರುಗಿಸುತ್ತಿದ್ದ.

ಹೀಗೆ ಹುಟ್ಟು ಹೋಯಿತು. ಹುಟ್ಟಿನ ಸದ್ದು ಕೇಳದಿದ್ದರೆ ನೀರು ಕ್ಷೇಮ ಎಂಬ ನಂಬಿಕೆ ಮಾತ್ರ ಹಾಗೇ ಉಳಿಯಿತು. ಅದನ್ನು ಬದಲಾಯಿಸಬೇಕೆಂದು ದೋಣಿಯವರಿಗೂ ಹೊಳೆಯಲಿಲ್ಲ, ಕಾವಲುಗಾರರಿಗೂ ಹೊಳೆಯಲಿಲ್ಲ. ಅಣ್ಣತಮ್ಮ ದಿನವೂ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಒಂದು ದಿನವೂ ಈ ಮಾತು ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ದೋಣಿಯಲ್ಲಿ ಏಳು ಜನ ಫೋಟೋದವರಿದ್ದರು. ಮೂರನೇ ಗಡ್ಡೆಯ ಅಂಚಿನಲ್ಲಿ ಕೊಕ್ಕರೆ ಮರಿಯೊಂದು ಬಿದ್ದು, ಒಂದು ರೆಕ್ಕೆ ನೀರಿನ ಮೇಲೆ ಹರಡಿಕೊಂಡು ಒದ್ದಾಡುತ್ತಿತ್ತು. ಏಳು ಲೆನ್ಸೂ ಅತ್ತ ತಿರುಗಿದವು. ಗಡ್ಡೆಯ ಮೇಲೆ ನೈಲಾನ್ ಬಲೆ ಬಿಡಿಸುತ್ತಿದ್ದ ಚಲುವರಾಜು ಮರಿಯನ್ನು ಕಂಡ. ತಲೆಯೆತ್ತಿ ದೋಣಿಯ ಕಡೆ ನೋಡಿದ. ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದ.

ಜವರಶೆಟ್ಟಿಗೆ ಏನೋ ಅನ್ನಿಸಿತು. ಅನ್ನಿಸಿತೋ ಇಲ್ಲವೋ ಎಂದು ಆಮೇಲೆ ಅವನು ತನ್ನನ್ನೇ ನೂರು ಸಲ ಕೇಳಿಕೊಂಡ. ಗಡ್ಡೆಯ ತುದಿಯಲ್ಲಿದ್ದ ಬೆಳ್ಳಕ್ಕಿ ಎರಡು ಹೆಜ್ಜೆ ಹಿಂದೆ ಸರಿದದ್ದು ನೆನಪಿದೆ. ತನ್ನ ಕೈಗಳು ತೊಡೆಯ ಮೇಲೆ ಮಲಗಿದ್ದು ನೆನಪಿದೆ. “ಯೆಲ್ಲೋ ಬಂತು” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. “ಗ್ರೀನ್” ಎಂದರು ಇನ್ನೊಬ್ಬರು. ಏಳು ಜನವೂ ಕಿಂಡಿಗೆ ಕಣ್ಣಿಟ್ಟು ಕೂತಿದ್ದರು. ಆಮೇಲೆ ನೀರು ಒಡೆಯಿತು. ಕ್ಯಾಮೆರಾಗಳು ಮಳೆ ಹೊಯ್ದಂತೆ ಸದ್ದು ಮಾಡಿದವು. ಆ ಸದ್ದಿನ ನಡುವೆಯೇ ಚಲುವರಾಜು ಕೂಗಿದ್ದು ಕೇಳಿಸಿತು.

ಅವರೂ ರಾಕ್ಷಸರೇನಲ್ಲ. ಜವರಶೆಟ್ಟಿ ನೀರಿಗೆ ಹಾರಿದಾಗ ಹಿಂದೆಯೇ ಇಬ್ಬರು ಹಾರಿದರು. ಕ್ಯಾಮೆರಾ ನಿಲ್ಲಿಸುವ ಮೂರುಕಾಲಿನ ಸ್ಟ್ಯಾಂಡಿನಿಂದ ಮೊಸಳೆಯ ಮೂತಿಗೆ ಬಡಿದು ಬಿಡಿಸಿದವನು ಅವರಲ್ಲೇ ಒಬ್ಬ. ಆಂಬುಲೆನ್ಸಿನಲ್ಲಿ ಚಲುವರಾಜುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನವರೆಗೂ ಅತ್ತುಕೊಂಡು ಬಂದವಳು ಇನ್ನೊಬ್ಬಳು.

“ಮರಿಗೆ ಬರ್ತಿದೆ ಅಂದ್ಕೊಂಡ್ವಿ” ಎಂದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದಳು. “ಮುಂಗಣ್ಣು ಯಾವಾಗ ಅಂತ ಹೇಳುತ್ತೆ ಅಣ್ಣ, ಯಾರನ್ನ ಅಂತ ಹೇಳಲ್ಲ.”

ಚಲುವರಾಜುವಿನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ಪುಟ್ಟಲಕ್ಷ್ಮಿ, ಜವರಶೆಟ್ಟಿ ಹತ್ತಿರ ಬಂದಾಗ ತಲೆಯೆತ್ತಿದಳು.

“ಭಾವ, ಅಷ್ಟ್ ವರ್ಸ ನೋಡಿದ್ರಿ. ನಿಮ್ಗೂ ಗೊತ್ತಾಗ್ನಿಲ್ವಾ?”

“ಇಲ್ಲ ಕಣವ್ವ” ಎಂದ ಜವರಶೆಟ್ಟಿ. “ಗೊತ್ತಾಗಿದ್ರೆ ಕೂಗ್ತಿರ್ನಿಲ್ವಾ?”

ಅವಳು ನಂಬಿದಳು. ಹೇಳುವಾಗ ಅವನೂ ನಂಬಿದ್ದ.

ಎರಡು ತಿಂಗಳು ಕಳೆದು ಡಾಕ್ಟರ್ ಮಂದಾಕಿನಿ ಹೇಳಿಕಳಿಸಿದರು. ಜವರಶೆಟ್ಟಿ ಹೋದ. ಅದೇ ತಣ್ಣನೆ ಗಾಳಿ, ಅದೇ ಕುರ್ಚಿ. ಆಕೆ ಮೊದಲು ಚಲುವರಾಜುವಿನ ಆರೋಗ್ಯ ವಿಚಾರಿಸಿದರು, ಕಾಫಿ ತರಿಸಿದರು. ಆಮೇಲೆ ಪರದೆಯ ಮೇಲೆ ಎರಡು ಗೆರೆ ತೋರಿಸಿದರು.

“ಆ ದಿನದ್ದು. ಕೆಳಗಿನ ಗೆರೆ ಮುಂಗಣ್ಣು. ಮೊಸಳೆ ಬಾಯಿ ಹಾಕೋದಕ್ಕೆ ಎಂಟು ಸೆಕೆಂಡ್ ಮುಂಚೆ ಏಳುತ್ತೆ, ಇಲ್ಲಿ. ಮೇಲಿನದು ನಿಮ್ಮದು, ಕೈಪಟ್ಟಿಯಲ್ಲಿ ಬಂದಿದ್ದು.” ಆಕೆಯ ದನಿಯಲ್ಲಿ ಉತ್ಸಾಹ ತಡೆದರೂ ನಿಲ್ಲದೆ ಉಕ್ಕಿತು. “ಹದಿನಾಲ್ಕು ಸೆಕೆಂಡ್, ಜವರಶೆಟ್ಟರೇ. ಯಂತ್ರಕ್ಕಿಂತ ಆರು ಸೆಕೆಂಡ್ ಮುಂಚೆ ನಿಮಗೆ ಗೊತ್ತಾಗಿದೆ. ಇಷ್ಟು ಸ್ಪಷ್ಟವಾಗಿ ಯಾವತ್ತೂ ಬಂದಿರಲಿಲ್ಲ.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಆಕೆಗೆ ಹೊಳೆಯಿತು.

ಜವರಶೆಟ್ಟಿ ಬಗ್ಗಿ ಆ ಗೆರೆಯನ್ನು ನೋಡಿದ. ಅದು ತನ್ನದೇ ಮೈ ಅಂತೆ. ತಾನು ಇಲ್ಲ ಅಂದದ್ದನ್ನು ಅದು ಹೌದು ಅನ್ನುತ್ತಿದೆ.

“ಗೊತ್ತಾಗಿದ್ರೆ ಕೈ ಯಾಕ್ ಏಳ್ನಿಲ್ಲ ಮೇಡಂ?”

ಆಕೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಇನ್ನೊಂದು ಸಣ್ಣ ಗೆರೆಯನ್ನು ದೊಡ್ಡದು ಮಾಡಿದರು. “ಇದು ತೋಳಿನ ನರದ್ದು. ಏಳೋಕೆ ಹೊರಟಿದೆ, ನೋಡಿ. ಇಲ್ಲಿ ನಿಂತುಬಿಟ್ಟಿದೆ.” ಬೆರಳು ಪರದೆಯ ಮೇಲೇ ಉಳಿಯಿತು. “ನಾವು ಇಲ್ಲಿ ಅಭ್ಯಾಸ ಮಾಡಿಸಿದೆವಲ್ಲ, ಹಾಗೇನೇ.”

ಕಾಫಿ ಆರಿ ಕೆನೆಗಟ್ಟಿತು. ಆಕೆ ಮೆಲ್ಲಗೆ ಮತ್ತೆ ಮಾತು ತೆಗೆದರು. ಈ ಆರು ಸೆಕೆಂಡನ್ನೂ ಯಂತ್ರಕ್ಕೆ ಕಲಿಸಿದರೆ ಮುಂದಿನ ಮಾದರಿಯಲ್ಲಿ ಅಪಾಯದ ಗಂಟೆ ಇಡಬಹುದು, ಇನ್ನೊಬ್ಬರಿಗೆ ಹೀಗಾಗುವುದಿಲ್ಲ, ಆದರೆ ಅದಕ್ಕೆ ಅವನು ಇನ್ನೊಂದು ವರ್ಷ ಬಂದು ಕೂರಬೇಕು. ಮನಸ್ಸಿಟ್ಟೇ ಹೇಳಿದರು ಪಾಪ. ಒಳ್ಳೆಯ ಹೆಂಗಸು. ಜವರಶೆಟ್ಟಿ ಕೈಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ಆ ಜಾಗದ ಚರ್ಮ ಬೆಳ್ಳಗೆ ಸುಕ್ಕಾಗಿತ್ತು.

“ಗಂಟೆ ನಮ್ಮತ್ರ ಇತ್ತಲ್ಲ ಮೇಡಂ” ಎಂದಷ್ಟೇ ಹೇಳಿ ಎದ್ದ.

ಬಸ್ಸಿನಲ್ಲಿ ಕೂತು ಅವನು ಸೆಕೆಂಡು ಎಣಿಸಿದ. ಹದಿನಾಲ್ಕು ಎಂದರೆ ಸ್ವಲ್ಪ ಅಲ್ಲ. ಬಸ್ಸು ಒಂದು ಸ್ಟಾಪಿನಲ್ಲಿ ನಿಂತಾಗ ಮುದುಕಿಯೊಬ್ಬಳು ಎರಡು ಚೀಲ, ಒಂದು ಕೋಳಿ, ಒಂದು ಕೊಡೆ ಎಲ್ಲವನ್ನೂ ಸಮಾಧಾನವಾಗಿ ಇಳಿಸಿಕೊಂಡು, ಕಂಡಕ್ಟರನ್ನು ಬೈದು ಮುಗಿಸುವ ಹೊತ್ತಿಗೆ ಹದಿಮೂರಾಗಿತ್ತು. ಚಲುವರಾಜು ನಿಂತಿದ್ದಲ್ಲಿಂದ ದಡಕ್ಕೆ ಮೂರು ಹೆಜ್ಜೆ. ಮುಂದಿನ ಸ್ಟಾಪಿನಲ್ಲಿ ಮತ್ತೆ ಎಣಿಸಿದ. ಊರು ಬರುವವರೆಗೂ ಎಣಿಸುತ್ತಲೇ ಇದ್ದ.

ಮನೆ ಸೇರುವಾಗ ಮುಸ್ಸಂಜೆ. ಪಡಸಾಲೆಯ ಮಂಚದ ಮೇಲೆ ಚಲುವರಾಜು ಗೋಡೆಗೊರಗಿ ಕೂತಿದ್ದ. ಪಂಚೆಯ ಎಡಭಾಗ ಮಂಚಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಒಳಗೆ ಹೆಂಗಸರಿಬ್ಬರೂ ಒಲೆಯ ಮುಂದಿದ್ದರು. ಜವರಶೆಟ್ಟಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತ. ಹೇಳದೆ ಇರಬಹುದಿತ್ತು. ಗೆರೆ ನೋಡಿದವರು ಇಬ್ಬರೇ, ಇನ್ನೊಬ್ಬರು ಇತ್ತ ಬರುವವರಲ್ಲ. ಆದರೂ ಅವನು ತಮ್ಮನ ಮುಂದೆ ಬಾಯಿಬಿಟ್ಟ.

“ಚಲುವ, ಅವತ್ತು ನಂಗೆ ಗೊತ್ತಾಗಿತ್ತು ಕಣೋ.”

ಚಲುವರಾಜು ಅವನ ಕಡೆ ತಿರುಗಲಿಲ್ಲ. “ಹೂಂ.”

“ಹೂಂ ಅಂದ್ರೆ? ಯಾರ್ ಹೇಳಿದ್ರು ನಿಂಗೆ?”

“ಯಾರ್ ಹೇಳ್ಬೇಕಣ್ಣ?” ಚಲುವರಾಜು ಬಾಗಿಲಾಚೆ ನೋಡುತ್ತಾ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜವರಶೆಟ್ಟಿಗೆ ಎಷ್ಟೋ ಹಗುರವಾಗುತ್ತಿತ್ತು. “ಕಾಲ್ ಅಡೀಲಿ ನೀರು ಸರಿದಂಗಾಯ್ತು. ದಡ ಅಲ್ಲೇ ಇತ್ತು. ಹತ್ಬುಡಣ ಅಂತ ಕಾಲೆತ್ತಿ, ನಿನ್ ಕಡೆ ತಿರುಗ್ ನೋಡ್ದೆ. ನೀನೂ ನನ್ನೇ ನೋಡ್ತಾ ಕುಂತಿದ್ದೆ. ಕಣ್ಗೆ ಕಣ್ ಸೇರ್ತು. ಅಣ್ಣ ನೋಡ್ತಾವ್ನೆ, ಆದ್ರೂ ಸುಮ್ಗವ್ನೆ, ಅಂದ್ರೆ ಏನೂ ಇಲ್ಲ ಅಂದ್ಕಂಡೆ. ಎತ್ತಿದ್ ಕಾಲ್ನ ತಿರ್ಗಾ ನೀರಿಗೇ ಇಟ್ಟೆ.”

ಒಳಗೆ ತಟ್ಟೆಗಳ ಸದ್ದಾಯಿತು. ಪುಟ್ಟಲಕ್ಷ್ಮಿ ಬಿಸಿ ಮುದ್ದೆ, ಸಾರು ತಂದು ಮೊದಲು ಜವರಶೆಟ್ಟಿಯ ಮುಂದಿಟ್ಟಳು. ದಿನವೂ ಹಾಗೇ, ಮೊದಲು ಭಾವನಿಗೆ, ಆಮೇಲೆ ಗಂಡನಿಗೆ. “ಎಷ್ಟೊತ್ತಿಗ್ ಹೊರಟೋರೋ ಏನೋ, ಉಣ್ಣಿ ಭಾವ, ಆರೋಯ್ತದೆ” ಎಂದು ನೀರಿನ ಚೊಂಬು ತರಲು ಮತ್ತೆ ಒಳಗೆ ಹೋದಳು.

ಚಲುವರಾಜು ಮಂಚದಿಂದ ಬಗ್ಗಿ, ಅಣ್ಣನಿಗೆ ಮಾತ್ರ ಕೇಳುವ ಹಾಗೆ ಹೇಳಿದ.

“ಉಣ್ಣಣ್ಣ. ಅವ್ಳಿಗೆ ಮಾತ್ರ ಹೇಳ್ಬೇಡ.”